ಬಾಡಿಗೆ ಮನೆಯ ಕಪಾಟಿಗೆ ಬಣ್ಣ

ಶನಿವಾರ ಮಧ್ಯಾಹ್ನ ರಘೋತ್ತಮ ಬ್ಯಾಂಕಿನಿಂದ ಬರುವಾಗ ಬಣ್ಣದ ಡಬ್ಬಿ ಹಿಡಿದುಕೊಂಡು ಬಂದ. ಇನ್ನೊಂದು ಕೈಯ ಚೀಲದಲ್ಲಿ ಬ್ರಶ್ಶು, ಟರ್ಪೆಂಟೈನ್ ಬಾಟಲಿ, ಉಜ್ಜುವ ಕಾಗದ. ಸುಗುಣಾ ಬಾಗಿಲಲ್ಲೇ ನಿಂತು ನೋಡಿದಳು. ಮದುವೆಯಾದಂದಿನಿಂದ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ತಿಳಿಯದ ಮನುಷ್ಯ ಅಡುಗೆಮನೆಗೆ ಬಣ್ಣ ತಂದಿದ್ದ.

"ಏನ್ರೀ ಇದು?"

"ನಿನ್ನ ಅಡಗಿಮನಿ ಕಪಾಟು ಎಷ್ಟು ಕರ್ರಗಾಗ್ಯಾವ ನೋಡು. ಹಚ್ಚಿಬಿಡು. ಪೇಂಟರ್‌ನ ಕರದ್ರ ಸುಮ್ನ ಖರ್ಚು. ನಿನ್ನ ಕೈ ಭಾಳ ಛಲೋ ಅದ."

ಕೈ ಛಲೋ ಅದ ಎಂದದ್ದೇ ಅವಳಿಗೆ ಸರಿಬರಲಿಲ್ಲ. ನಾಶಿಕದ ಮನೆಯಲ್ಲಿ ಹೀಗೇ ಅವಳ ಸಾರನ್ನು ಬಾಯ್ತುಂಬ ಹೊಗಳಿ, ಕೈ ತೊಳೆಯುತ್ತ, "ಆರ್ಡರ್ ಬಂತು, ಔರಂಗಾಬಾದ್" ಎಂದಿದ್ದ. ಆಗ ಈ ಊರಿಗೆ ಇನ್ನೂ ಸಂಭಾಜಿನಗರ ಎಂಬ ಹೆಸರು ಬೋರ್ಡಿನ ಮೇಲೆ ಬಂದಿರಲಿಲ್ಲ. ಬ್ಯಾಂಕಿನವರ ಹೆಂಡಂದಿರಿಗೆ ವರ್ಗಾವಣೆಯ ಆರ್ಡರ್ ಎಂದರೆ ಮಳೆ ಬಂದ ಹಾಗೆ. ಯಾಕೆ ಬಂತೆಂದು ಯಾರೂ ಕೇಳುವುದಿಲ್ಲ, ಒಣಹಾಕಿದ್ದನ್ನು ಎತ್ತಿಕೊಂಡು ಒಳಗೆ ಓಡುತ್ತಾರೆ. ಸುಗುಣಾ ಕೂಡ ಪ್ರತಿ ಸಲ ಹಾಗೇ ಓಡಿದವಳು. ವಿಜಾಪುರ, ಸೋಲಾಪುರ, ನಾಶಿಕ. ಪ್ರತಿ ಊರಲ್ಲೂ ಯಾರೋ ಕೊಳೆ ಮಾಡಿಟ್ಟ ಅಡುಗೆಮನೆಯನ್ನು ತಿಕ್ಕಿ ತೊಳೆದು, ಬೇರೆ ಯಾರಿಗೋ ಒಪ್ಪಿಸಿ ಬಂದಿದ್ದಳು.

ಇಲ್ಲಿ ಮಾತ್ರ ಅಡುಗೆಮನೆ ಅವಳದಾಗಿತ್ತು. ಚಿಕಲಠಾಣಾದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ಜೋಳದ ರೊಟ್ಟಿಗೆ ಬಾಯಿಬಿಡುತ್ತಿದ್ದರು. ಮೊದಲು ಇಬ್ಬರಿಗೆ ಕಟ್ಟಿಕೊಟ್ಟಳು, ಅವರು ನಾಲ್ವರಿಗೆ ಹೇಳಿದರು. ಈಗ ಕಟ್ಟಡದ ಕೆಲಸಕ್ಕೆ ಬಂದ ಇಂಡಿ ಕಡೆಯ ದಾನಮ್ಮ ಬೆಳಗಿನಿಂದ ಅವಳ ಜೊತೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕಪಾಟು ಕಪ್ಪಾದದ್ದೂ ಆ ಹೆಂಚಿನ ಹೊಗೆಗೇ.

ಸರಿ, ಬಣ್ಣ ಹಚ್ಚುವುದಾದರೆ ಹಚ್ಚೋಣ ಎಂದುಕೊಂಡಳು. "ನನಗ ತಿಳಿಹಸರು ಬೇಕು. ಡಬ್ಬಿ ಬದಲಿಸಿಕೊಂಡು ಬರ್ತೀನಿ."

"ಬ್ಯಾಡ ಬ್ಯಾಡ. ಮೊದಲಿದ್ದ ಕೆನಿಬಣ್ಣನ ಇರ್ಲಿ. ಹಿಡಿಕಿನೂ ಹೊಸಾವು ತರಬ್ಯಾಡ, ಅವನ್ನ ತಿಕ್ಕಿ ಹಚ್ಚು. ಹೆಂಗಿತ್ತೋ ಹಂಗ ಆಗಬೇಕು ನೋಡು."

ಮರುದಿನ ಇದನ್ನು ಕೇಳಿ ದಾನಮ್ಮ ಹಿಟ್ಟಿನ ಕೈ ಗಲ್ಲಕ್ಕಿಟ್ಟುಕೊಂಡಳು. "ಸಾಹೇಬ್ರಿಗಿ ಕಪಾಟಿನ ಮೊದಲಿನ ಬಣ್ಣಾ ನೆನಪೈತೇನ್ರಿ ಬಾಯಾರ? ನಿಮ್ಮ ಮೈಮ್ಯಾಗಿನ ಸೀರಿ ಬಣ್ಣಾ ಕೇಳ್ರಿ, ನೋಡೋಣು."

"ನಗಬ್ಯಾಡ. ನನಗ ಏನೋ ವಾಸನಿ ಹೊಡೀಲಿಕತ್ತದ."

"ಟರ್ಪೆಂಟಿಂದು ಇರಬೇಕ್ರಿ!"

ಸುಗುಣಾಗೆ ನಗು ಬರಲಿಲ್ಲ. ಬಾಗಿಲುಗಳನ್ನು ಒಂದೊಂದಾಗಿ ಬಿಚ್ಚಿ, ಯಾವುದು ಯಾವ ಗೂಡಿನದೆಂದು ಒಳಬದಿಗೆ ಪೆನ್ಸಿಲಿನಲ್ಲಿ ಬರೆದಳು. ಬಿಸಿನೀರಿಗೆ ತೊಳೆಯುವ ಸೋಡಾ ಹಾಕಿ ಜಿಡ್ಡು ತೆಗೆದಳು. ಜಿಡ್ಡಿನ ಮೇಲೆ ಬಣ್ಣ ಹಚ್ಚಿದರೆ ಗುಳ್ಳೆಗುಳ್ಳೆಯಾಗಿ ಎದ್ದು ಬರುತ್ತದೆಂದು ಸೋಲಾಪುರದಲ್ಲಿ ಕಲಿತಿದ್ದಳು. ಉಜ್ಜುವ ಕಾಗದದಿಂದ ಉಜ್ಜಿದಳು, ಬಿರುಕಿಗೆ ಪುಟ್ಟಿ ತುಂಬಿದಳು, ಮತ್ತೆ ಉಜ್ಜಿದಳು. ಹಿಡಿಕೆಗಳನ್ನೂ ಬಾಗಿಲು ತಿರುಗುವ ಬಿಜಾಗರಿಗಳನ್ನೂ ಹಳೆಯ ಪಾತ್ರೆಯಲ್ಲಿ ಕುದಿಸಿದಾಗ ಹಿಂದಿನವರು ಬಳಿದ ಬಣ್ಣ ಸಿಪ್ಪೆಯಾಗಿ ಕಳಚಿಕೊಂಡಿತು. ಹಿಡಿಕೆಗಳು ಹಿತ್ತಾಳೆಯವು. ಹುಣಸೆಹಣ್ಣಿನಲ್ಲಿ ತಿಕ್ಕಿದರೆ ದೇವರ ಮನೆಯ ಗಂಟೆಯಂತೆ ಹೊಳೆದವು. ಕಿರುಗುಡುತ್ತಿದ್ದ ಬಿಜಾಗರಿಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಬಾಗಿಲುಗಳನ್ನು ಮತ್ತೆ ಅವವುಗಳ ಗೂಡಿಗೆ ಕೂಡಿಸಿದಳು. ಕೈ ಓಡುತ್ತಿದ್ದರೂ ತಲೆ ನಿಂತಲ್ಲೇ ನಿಂತಿತ್ತು: ಹೆಂಗಿತ್ತೋ ಹಂಗ ಯಾಕೆ ಆಗಬೇಕು?

ಅಷ್ಟರಲ್ಲಿ ಕೆಳಗಿನ ಮನೆಯ ಸಾವಿತ್ರಿಬಾಯಿ ಮೇಲೆ ಬರತೊಡಗಿದರು. ಮನೆಯ ಒಡತಿ, ಗಂಡ ಸತ್ತ ಮೇಲೆ ಬಾಡಿಗೆಯಲ್ಲೇ ಬದುಕುವವರು, ಮೊಣಕಾಲು ನೋವೆಂದು ಮೆಟ್ಟಿಲು ಹತ್ತದವರು. ಈಗ ದಿನಾ ಬಂದು ಕಪಾಟಿನ ಮೇಲೆ ಬೆರಳಾಡಿಸಿ, "ಛಾನ್, ಖೂಪ್ ಛಾನ್" ಎಂದು ಮೆಚ್ಚುತ್ತಿದ್ದರು. ಸುಗುಣಾಳ ಅನುಮಾನ ಆ ಕಡೆ ತಿರುಗಿತು. ಮನೆ ಹೊಸದಾದ ಮೇಲೆ ತಮ್ಮನ್ನು ಎಬ್ಬಿಸಿ ಹೆಚ್ಚಿನ ಬಾಡಿಗೆಗೆ ಕೊಡುವ ಹಂಚಿಕೆ ಇರಬೇಕು. ಎಬ್ಬಿಸಿದರೆ ಈ ರೊಟ್ಟಿ ಎಲ್ಲಿ ಬಡಿಯುವುದು? ಹೊಗೆ ಎಂದರೆ ಯಾವ ಮನೆಯವರು ಒಪ್ಪುತ್ತಾರೆ? ಚಹಾ ಕೊಡುವಾಗಲೂ ಅವಳು ಮುದುಕಿಯ ಮುಖವನ್ನೇ ನೋಡುತ್ತಿದ್ದಳು.

ಎರಡನೇ ಕೈ ಬಣ್ಣ ಶುರುವಾದ ದಿನ ಸಾವಿತ್ರಿಬಾಯಿಯ ಜೊತೆ ಪೈಠಣದ ಕಡೆಯ ಹೆಂಗಸೊಬ್ಬಳು ಬಂದಳು. ಸೀದಾ ಅಡುಗೆಮನೆಗೆ ಹೋಗಿ ಕಪಾಟು ತೆರೆಯಲು ಹೋದವಳ ಬೆರಳಿಗೆ ಹಸಿ ಬಣ್ಣ ಮೆತ್ತಿತು. ದಾನಮ್ಮ ಚಿಂದಿಬಟ್ಟೆ ಕೊಟ್ಟಳು. ಒರೆಸಿಕೊಳ್ಳುತ್ತ ಆ ಹೆಂಗಸು ಮರಾಠಿಯಲ್ಲಿ, "ನೀವು ಖಾಲಿ ಮಾಡುವುದು ಮಾರ್ಚ್ ಕೊನೆಗೇ ತಾನೆ?" ಎಂದಳು.

"ಯಾರು ಖಾಲಿ ಮಾಡುವುದು?" ಸುಗುಣಾ ಸಾವಿತ್ರಿಬಾಯಿಯ ಕಡೆ ತಿರುಗಿದಳು. "ನನಗೆ ಗೊತ್ತಿತ್ತು. ನಿಮ್ಮ ಮನಸ್ಸಿನಲ್ಲಿ ಇದೇ ಇತ್ತು."

ಮುದುಕಿ ನಿಜವಾಗಿ ಬೆಚ್ಚಿದರು. "ನನ್ನ ಮನಸ್ಸೇನು ತಾಯಿ? ಸಾಹೇಬರೇ ಸಂಕ್ರಾಂತಿಗೆ ಹೇಳಿದರಲ್ಲ! ಹುಬ್ಬಳ್ಳಿಗೆ ನಾನೇ ಕೇಳಿಕೊಂಡು ವರ್ಗ ಮಾಡಿಸಿಕೊಂಡೆ ಅಂದರು. ಅಡುಗೆಮನೆ ಮೊದಲಿದ್ದಂತೆ ಮಾಡಿಕೊಡಿ ಅಂದೆ, ಅಷ್ಟೇ. ನಿಮಗೆ ಹೇಳಿಲ್ಲವೇ?"

ದಾನಮ್ಮ ತಲೆ ತಗ್ಗಿಸಿ ಹೆಂಚನ್ನು ಒರೆಸತೊಡಗಿದಳು. ಅದು ಆಗಲೇ ಸ್ವಚ್ಛವಾಗಿತ್ತು.

ಸಂಜೆ ರಘೋತ್ತಮ ಬಂದಾಗ ಸುಗುಣಾ ಎರಡನೇ ಕೈ ಹಚ್ಚುತ್ತಿದ್ದಳು. ಅರ್ಧಕ್ಕೆ ಬಿಟ್ಟರೆ ಗೆರೆ ಬೀಳುತ್ತದೆ. ಬ್ರಶ್ಶು ನಿಲ್ಲಿಸದೆ ಕೇಳಿದಳು.

"ಹುಬ್ಬಳ್ಳಿ ಆರ್ಡರ್ ಬಂದದ್ದೋ, ತರಿಸಿದ್ದೋ?"

ಅವನು ಕುಳಿತು ಬೂಟಿನ ಲೇಸು ಬಿಚ್ಚತೊಡಗಿದ. "ಯಾರು ಹೇಳಿದ್ರು?"

"ಅದನ್ನ ಬಿಡ್ರಿ. ತರಿಸಿದ್ದೋ?"

"ನಿನ್ನ ಸಲುವಾಗೇ ಅಲ್ಲೇನು ಸುಗುಣಾ? ಹೊಗಿಯೊಳಗ ಕೂತು ಎಷ್ಟಂತ ಬಡೀತಿ? ಅಲ್ಲಿ ಆರಾಮ ಇರಬಹುದು."

"ನಾ ಆರಾಮ ಬೇಕಂತ ಕೇಳಿದ್ನೇನು?"

"ಬ್ರಾಂಚಿನ್ಯಾಗ ಏನಂತಾರ ಗೊತ್ತದೇನು ನಿನಗ?" ಅವನ ದನಿ ಏರಿತು. "ಆಫೀಸರನ ಹೆಂಡ್ತಿ ರೊಟ್ಟಿ ಮಾರ್ತಾಳ ಅಂತಾರ. ಪ್ಯೂನ್ ಸುದ್ಧಾ ಕೇಳ್ತಾನ, ಸಾಹೇಬ್ರ, ನಾಳೆ ಚಟ್ನಿ ಯಾವುದ್ರಿ ಅಂತ!"

"ಶೇಂಗಾದ್ದು ಅಂತ ಹೇಳಬೇಕಿತ್ತು."

ಒಳಕೋಣೆಯಿಂದ ಮಗಳು ಪ್ರಾಚಿ ಹೊರಗೆ ಬಂದಳು. ಹನ್ನೊಂದನೆಯ ತರಗತಿಯ ಹುಡುಗಿ, ಕನ್ನಡ ಅರ್ಥವಾದರೂ ಬಾಯಿಗೆ ಸರಾಗ ಬಾರದು. "ಪಪ್ಪಾ, ನೆಕ್ಸ್ಟ್ ಇಯರ್ ನಂದು ಬಾರಾವೀ ಬೋರ್ಡ್ ಎಕ್ಸಾಮ್ ಅದ. ಮೀ ನಾಹೀ ಯೇಣಾರ್. ನಾ ಬರೂದಿಲ್ಲ."

"ನೋಡು, ಮಗಳನ್ನೂ ತಿರಗಿಸಿಟ್ಟಿ."

ಸುಗುಣಾ ಈಗ ಬ್ರಶ್ಶನ್ನು ಟರ್ಪೆಂಟೈನಿನಲ್ಲಿ ಇಟ್ಟಳು. "ನಾಶಿಕದಾಗ ನಾ ಬಾಲವಾಡಿಗೆ ಟೀಚರಂತ ಹೋಗ್ಲಿಕತ್ತಿದ್ದೆ. ಅದು ಶುರುವಾದ ವರ್ಷನ ಇಲ್ಲಿಗೆ ಆರ್ಡರ್ ಬಂತು. ಅದೂ ನೀವ ತರಿಸಿದ್ದೇನ್ರಿ?"

ರಘೋತ್ತಮ ಚಹಾ ಕೇಳಿದ. ಯಾರೂ ಒಲೆ ಹಚ್ಚಲಿಲ್ಲ.

ಬೆಳಿಗ್ಗೆ ದಾನಮ್ಮನ ಕೈಗೆ ಹಿಟ್ಟು ಕೊಟ್ಟು ಸುಗುಣಾ ಕೆಳಗಿಳಿದಳು. ಸಾವಿತ್ರಿಬಾಯಿ ತುಳಸಿಗೆ ನೀರು ಹಾಕುತ್ತಿದ್ದರು. "ಏಪ್ರಿಲ್‌ನಿಂದ ಮನೆ ನನ್ನ ಹೆಸರಿಗೆ ಕರಾರು ಮಾಡಿಕೊಡಿ," ಎಂದಳು. "ಅವರು ಹುಬ್ಬಳ್ಳಿಗೆ ಹೋಗುತ್ತಾರೆ. ನಾನೂ ಮಗಳೂ ಇಲ್ಲೇ."

ಈಗ ಅನುಮಾನದಿಂದ ನೋಡುವ ಸರದಿ ಮುದುಕಿಯದು. "ಗಂಡ ಇಲ್ಲದ ಮನೆ. ಬಾಡಿಗೆ ತಪ್ಪಿದರೆ ನಾನು ಯಾರನ್ನು ಹಿಡಿಯಲಿ?"

"ನಾನು ಎಲ್ಲಿ ಓಡುತ್ತೇನೆ? ದಿನಾ ಬೆಳಿಗ್ಗೆ ರೊಟ್ಟಿಯ ಸಪ್ಪಳ ನಿಮ್ಮ ತಲೆಯ ಮೇಲೇ ಕೇಳುತ್ತದೆ. ಕೇಳದ ದಿನ ಬಂದು ಹಿಡಿಯಿರಿ."

"ಮತ್ತೆ ಹೊಗೆ?"

"ಹೊಗೆ ಎಳೆಯುವ ಫ್ಯಾನು ಹಾಕಿಸುತ್ತೇನೆ."

"ಸಾಹೇಬರ ಸಹಿ?"

"ಅವರು ಸಹಿ ಮಾಡುವಾಗ ನನ್ನದು ಕೇಳಿದ್ದಿರೇನು?"

ಸಾವಿತ್ರಿಬಾಯಿ ತಂಬಿಗೆ ಕೆಳಗಿಟ್ಟು ಅವಳನ್ನು ಕಣ್ಣಲ್ಲೇ ಅಳೆದರು. ಪೈಠಣದವಳಿಗೆ ಮಾತು ಕೊಟ್ಟಾಗಿದೆ ಎಂದು ಗೊಣಗಿದರು. ಎರಡು ದಿನ ಸತಾಯಿಸಿ, ಕಡೆಗೆ ಒಪ್ಪಿದರು.

ರಘೋತ್ತಮ ಹೋದ. ಮಗಳ ಓದಿನ ಸಲುವಾಗಿ ಹೆಂಡತಿ ಅಲ್ಲಿದ್ದಾಳೆ ಎಂದು ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಹೇಳಿಕೊಂಡ. ಸುಗುಣಾ ತಿದ್ದಲಿಲ್ಲ. ಅವನು ಭಾನುವಾರ ಫೋನು ಮಾಡಿ, ಯಾವಾಗಲಾದರೂ ದನಿ ಮೆತ್ತಗೆ ಮಾಡಿ, "ನಿನ್ನ ಕೈ ಊಟ ಭಾಳ ನೆನಪಾಗ್ತದ" ಎಂದರೆ, ಅವಳು ತವೆಯ ಉರಿ ಸಣ್ಣಗೆ ಮಾಡಿ, ಫೋನನ್ನು ಕಿವಿಗೆ ಬಿಗಿಯಾಗಿ ಒತ್ತಿಕೊಂಡು ಕೇಳುತ್ತಾಳೆ:

"ಯಾಕ್ರೀ, ಈಗೇನು ಮಾಡೀರಿ?"