ತಾತ ಓಡಿಸಿದ ನೀರುನಾಯಿಗಳು

ಆಗೆಲ್ಲ ಬೇಸಿಗೆ ರಜೆ ಎಂದರೆ ನಮಗೆ ಕಂಪ್ಲಿ, ಕಂಪ್ಲಿ ಎಂದರೆ ತಾತನ ರೈಸ್‌ಮಿಲ್ಲು, ಮೈಯೆಲ್ಲ ತೌಡಿನ ವಾಸನೆ. ನಾಲ್ಕನೇ ಕ್ಲಾಸು ಮುಗಿಸಿದ ಆ ವರ್ಷ ಮಾತ್ರ ನನಗೆ ಮಿಲ್ಲು ಬೇಕಿರಲಿಲ್ಲ, ನೀರುನಾಯಿ ನೋಡಬೇಕಿತ್ತು. ಹೊಳೆದಂಡೆಯ ಊರಿನ ಮೊಮ್ಮಗಳು, ಒಂದನ್ನೂ ನೋಡಿಲ್ಲವಾ ಎಂದು ಹೊಸಪೇಟೆಯ ಶಾಲೆಯಲ್ಲಿ ಗೆಳತಿಯರು ನಕ್ಕಿದ್ದರು. ನೋಡಿಯೇ ಬರುತ್ತೇನೆ ಎಂದು ಜಂಬ ಕೊಚ್ಚಿ ಬಂದಿದ್ದೆ.

ಪೀಡಿಸಿ ಪೀಡಿಸಿ ಒಂದು ಮುಂಜಾನೆ ತಾತನನ್ನು ಬುಕ್ಕಸಾಗರದ ಹತ್ತಿರ ತೆಪ್ಪ ಹತ್ತಿಸಿದೆ. ಹುಟ್ಟು ಹಾಕುವವನು ಹುಲುಗಪ್ಪ, ಮೀನು ಹಿಡಿಯುವವನು. ಹೊಳೆಯ ಒಂದೊಂದು ಬಂಡೆಯೂ ಅವನಿಗೆ ಗೊತ್ತು.

"ಸಾವ್ಕಾರ್ರ, ಮಾತಾಡಬ್ಯಾಡ್ರಿ. ಸಪ್ಪಳ ಕೇಳಿದ್ರ ಅವು ನಿಲ್ಲಂಗಿಲ್ಲ" ಎಂದು ಮೊದಲೇ ಹೇಳಿದ. ತಾತ ತಲೆಯಾಡಿಸಿದ.

ಆದರೆ ಮನುಷ್ಯರು ಕಣ್ಣಿಗೆ ಬಿದ್ದ ಮೇಲೆ ಮಾತಾಡಿಸದೆ ಮುಂದೆ ಹೋಗುವುದು ನಮ್ಮ ತಾತನಿಗೆ ಆಗದ ಕೆಲಸ. ಸುತ್ತಲಿನ ಊರುಗಳ ಭತ್ತ ಅವನ ಮಿಲ್ಲಿಗೇ ಬರುತ್ತಿದ್ದುದರಿಂದ ದಂಡೆಯ ಮೇಲಿದ್ದವರೆಲ್ಲ ಗುರುತಿನವರೇ. ನಡುಹೊಳೆಯ ಬಂಡೆಯ ಮೇಲೆ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ನಾನು ಕತ್ತು ಚಾಚುವಷ್ಟರಲ್ಲಿ, ದೂರದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸಿಗೆ ತಾತ "ಮಗಳ ಹೆರಿಗಿ ಆತೇನವಾ?" ಎಂದು ಕೂಗಿದ. ಮೊಸಳೆ ನೀರಿಗೆ ಜಾರಿತು. "ಗಂಡುಮಗ ರೀ" ಎಂದು ಆಕೆಯೂ ಕೂಗಿದಳು. ನೀರುಕಾಗೆಗಳೂ ಎದ್ದುಹೋದವು. ಇಷ್ಟು ವರ್ಷವಾದರೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ನಡುಗಡ್ಡೆಯಲ್ಲಿ ಇಳಿದೆವು. ಒದ್ದೆ ಮರಳಿನ ಮೇಲೆ ಹೆಜ್ಜೆಗುರುತು, ಮೀನಿನ ಮುಳ್ಳು ತುಂಬಿದ ಹಿಕ್ಕೆ, ಅದರ ಕಮಟು ನಾತ. "ಈಗಿನ್ನ ಹೋಗ್ಯಾವ. ತಿರುಗಿ ಬರ್ತಾವ, ಕುಂದ್ರಿ" ಎಂದ ಹುಲುಗಪ್ಪ. ಬಂಡೆಯ ಮರೆಯಲ್ಲಿ ಕೂತೆವು. ತಾತನ ಬಾಯಿಗೆ ಕೆಲಸವಿರಲಿ ಎಂದು, ಅಜ್ಜಿ ಕಟ್ಟಿಕೊಟ್ಟ ಒಗ್ಗರಣೆ ಮಂಡಕ್ಕಿ, ಮಿರ್ಚಿಯನ್ನೆಲ್ಲ ಅವನ ಮುಂದೆಯೇ ಇಟ್ಟೆ. ಬಹಳ ಹೊತ್ತಿನ ಮೇಲೆ ಹುಲುಗಪ್ಪ ನನ್ನ ಮೊಣಕೈ ಮುಟ್ಟಿದ. ನೀರಿನ ಮೇಲೆ ಗೆರೆಯೊಂದು ನಮ್ಮತ್ತಲೇ ಬರುತ್ತಿತ್ತು.

"ಲೇ ಈರಣ್ಣ, ಕಾಲುವಿಗೆ ನೀರು ಬಿಟ್ರೇನೋ?"

ಆಚೆ ದಂಡೆಯಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದವನಿಗೆ ತಾತನ ಪ್ರಶ್ನೆ. ಗೆರೆ ಅಳಿಸಿಹೋಯಿತು. ಸಾಲದ್ದಕ್ಕೆ ಆ ಈರಣ್ಣ, "ಇಲ್ಲಿತನ ಬಂದು ಉಣ್ಣಲಾರ್ದ ಹೋದ್ರ ಹೆಂಗ್ರಿ?" ಎಂದು ಪಟ್ಟು ಹಿಡಿದ. ತೆಪ್ಪ ಅತ್ತ ತಿರುಗಿತು. ಅವನ ಮನೆಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯ, ಗಟ್ಟಿ ಮೊಸರು. ಸಿಟ್ಟಿಗೆ ನಾನು ಒಂದು ತುತ್ತೂ ಮುಟ್ಟಲಿಲ್ಲ.

"ನಿನ್ನ ಕೂಡ ಇನ್ನೊಮ್ಮಿ ಬರಂಗಿಲ್ಲ ತಾತ" ಎಂದೆ.

"ನೀರುನಾಯಿ ಎಲ್ಲಿ ಹೋಗ್ತಾವವ್ವಾ?" ಎನ್ನುತ್ತ ತಾತ ಅನ್ನಕ್ಕೆ ಮೊಸರು ಕಲಸಿಕೊಂಡ.

ಮರುವರ್ಷ ತಾನಾಗಿಯೇ ಕರೆದ. "ಬಾಯಿಗೆ ಟವೆಲ್ ಕಟ್ಟಿಗೊಂಡು ಬರ್ತೀನಿ, ನಡಿ." ನಾನು ಹೋಗಲಿಲ್ಲ. ಅದರ ಮುಂದಿನ ಬೇಸಿಗೆಗೆ ತಾತನೇ ಇರಲಿಲ್ಲ.

ಹೋದ ಚಳಿಗಾಲ ಮಗಳನ್ನು ಕರೆದುಕೊಂಡು ಅದೇ ಹೊಳೆಗೆ ಹೋದೆ. ತೆಪ್ಪದಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಐದು ನೀರುನಾಯಿಗಳು ಮರಳಿನಲ್ಲಿ ಹೊರಳಾಡಿದ್ದನ್ನು ಕಣ್ತುಂಬ ನೋಡಿದೆವು. ಆಚೆ ದಂಡೆಯಲ್ಲಿ ನಿಂತಿದ್ದ ಮುದುಕನೊಬ್ಬ ನಮ್ಮತ್ತ ಕೈಯೆತ್ತಿದ.

"ಅವ್ರು ಯಾರಮ್ಮ?" ಮಗಳು ಪಿಸುಗುಟ್ಟಿದಳು.

"ಗೊತ್ತಿಲ್ಲ" ಎಂದೆ. ಆ ಹೊಳೆಯ ಮೇಲೆ ನಮ್ಮ ಮನೆಯವರ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು.