ಮನೆಗೊಬ್ಬರು ಬರತಕ್ಕದ್ದು

ಊಳಿಗಮಾನ್ಯ ಪದ್ಧತಿ ಸತ್ತಿದೆ ಎಂದು ಕೋಲಾರದ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ನಾನು ಕಪ್ ಗೆದ್ದಿದ್ದೇನೆ. ನನ್ನ ಬಳಿಯಿದ್ದ ದೊಡ್ಡ ಸಾಕ್ಷಿ ನನ್ನ ಅಕ್ಕ. ಬೈರಕೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಕಂಪನಿ ಬಸ್ಸು ಹತ್ತಿ, ತನ್ನ ಹೆಸರಿನ ಕಾರ್ಡು ಕೊರಳಿಗೆ ಹಾಕಿಕೊಂಡು ನರಸಾಪುರದ ಕಾರ್ಖಾನೆಗೆ ಹೋಗುವ ಹೆಣ್ಣು ಯಾವ ಧಣಿಯ ಆಳು, ಹೇಳಿ ನೋಡೋಣ ಎಂದು ಸವಾಲು ಹಾಕಿದ್ದೆ. ತೀರ್ಪುಗಾರರು ತಲೆದೂಗಿದರು. ಆ ಬಸ್ಸು ಯಾರ ಮನೆ ಮುಂದೆ ನಿಲ್ಲುತ್ತದೆ ಎಂದು ಎದುರಾಳಿಗಳು ಕೇಳಲಿಲ್ಲ. ಕೇಳಿದ್ದರೆ ಸೋಲುತ್ತಿದ್ದೆ.

ಅದು ನಿಲ್ಲುವುದು ಪಟೇಲರ ಮನೆ ಮುಂದೆ. ಪಟೇಲಿಕೆಯನ್ನು ಸರ್ಕಾರ ರದ್ದು ಮಾಡಿ ಎರಡು ತಲೆಮಾರು ಕಳೆದಿದೆ. ಕೊನೆಯ ಪಟೇಲರ ಮೊಮ್ಮಗನಿಗೆ ಈಗ ಕಾರ್ಖಾನೆಗೆ ಆಳು ಒದಗಿಸುವ ಗುತ್ತಿಗೆ. ಯಾರು ಕೆಲಸಕ್ಕೆ ಸೇರಬೇಕು, ಯಾರ ಹೆಸರು ಬಸ್ಸಿನ ಪಟ್ಟಿಯಲ್ಲಿರಬೇಕು, ಎರಡೂ ಅವನ ಕೈಯಲ್ಲಿ.

ಕಳೆದ ಬೇಸಿಗೆಯಲ್ಲಿ ಬಸ್ಸಿನಲ್ಲಿ ಹೋಗುವವರ ವಾಟ್ಸಾಪ್ ಗುಂಪಿಗೆ ಅವನ ಸಂದೇಶ ಬಂತು. ಮಗಳ ಮದುವೆ ಕೆಲಸವಿದೆ, ಭಾನುವಾರ ಮನೆಗೊಬ್ಬರು ಬರತಕ್ಕದ್ದು. ಅಕ್ಕನಿಗೆ ವಾರಕ್ಕಿರುವುದು ಅದೊಂದೇ ರಜೆ.

ಅಜ್ಜಿ ಓದಿಸಿಕೊಂಡು ಕೇಳಿ ನಕ್ಕಳು. "ನಮ್ ಕಾಲ್ದಲ್ಲಿ ತೋಟಿ ಬಂದು ಬೀದೀಲಿ ಕೂಗ್ತಿದ್ದ. ಬಿಟ್ಟಿ ಚಾಕ್ರಿ ಅಂತಿದ್ರು."

"ಹೋಗ್ಬೇಡ ಅಕ್ಕಾ. ಒಬ್ರು ಇಲ್ಲ ಅಂದ್ರೆ ಸಾಕು, ಉಳಿದೋರೂ ಅಂತಾರೆ."

"ನೀನು ಹೇಳ್ತೀಯ. ಬಸ್ ಹತ್ತೋಳು ನಾನು ಕಣೇ."

ಆದರೂ ನನ್ನ ಮಾತಿಗೆ ಕಟ್ಟುಬಿದ್ದು ಉಳಿದಳು. ನಾನು ಹೋದೆ. ಕೆಲಸಕ್ಕಲ್ಲ, ಕೇಳಲು.

ಅಂಗಳದಲ್ಲಿ ಇಪ್ಪತ್ತು ಹೆಂಗಸರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಗೋಡೆಯುದ್ದಕ್ಕೂ ಮೂಟೆಗಳು.

"ಇಷ್ಟೂ ಮದ್ವೆ ಸಾರಿಗೇನಾ ಅಣ್ಣಾ?" ಎಂದೆ.

ಕುರ್ಚಿಯಲ್ಲಿದ್ದ ಗುತ್ತಿಗೆದಾರ ನಕ್ಕ. "ಬಾಮ್ಮಾ ಬಾ, ಕಪ್ ಗೆದ್ದೋಳು!"

"ಕೂಲಿ ಎಷ್ಟು ಕೊಡ್ತೀರ?"

"ಕೂಲಿ ಅಂದ್ರೆ ಇವ್ರೇ ಬೇಜಾರ್ ಮಾಡ್ಕೊಂತಾರೆ. ನಮ್ಮನೆ ಮದ್ವೆ ಅಂದ್ರೆ ಇವ್ರ ಮನೇದೇ." ಹೆಂಗಸರತ್ತ ತಿರುಗಿದ. "ಏನ್ರಮ್ಮಾ, ಯಾರ್ನಾದ್ರೂ ರೆಟ್ಟೆ ಹಿಡ್ದು ಎಳ್ಕೊಂಡ್ ಬಂದ್ನಾ?"

"ಅಯ್ಯೋ, ಎಲ್ಲಾದ್ರೂ ಉಂಟಾ!" ಎಂದಳೊಬ್ಬಳು. "ಓದಿರೋಳು, ಮಾತಾಡ್ಲಿ ಬಿಡಣ್ಣಾ. ಅವ್ಳ ಬಾಯಿ, ನಮ್ ಕೈ."

ಎಲ್ಲರೂ ನಕ್ಕರು. ಅವನ ಮೇಲೆ ಬಂದಷ್ಟೇ ಸಿಟ್ಟು ಅವರ ಮೇಲೂ ಬಂತು. ಮುಚ್ಚಿಡುವುದೇನು?

ಸೋಮವಾರ ಚಾಲಕ ಬಸ್ಸಿನ ಬಾಗಿಲಲ್ಲೇ ಅಕ್ಕನನ್ನು ತಡೆದ. ಪಟ್ಟಿಯಲ್ಲಿ ಹೆಸರಿಲ್ಲವಂತೆ. ಕೆಲಸದಿಂದ ಯಾರೂ ತೆಗೆದಿರಲಿಲ್ಲ, ಯಾರೂ ಬೈದಿರಲಿಲ್ಲ. ಮೊದಲ ಪಾಳಿಗೆ ಮುಟ್ಟಿಸುವ ಬೇರೆ ಬಸ್ಸು ನಮ್ಮೂರಿಗಿಲ್ಲ, ಅಷ್ಟೆ. ನಾಲ್ಕು ದಿನ ಹೋಗದಿದ್ದರೆ ಕಂಪನಿಯೇ ಕಾರ್ಡು ಕಿತ್ತುಕೊಳ್ಳುತ್ತದೆ, ಗುತ್ತಿಗೆದಾರನ ಕೈ ಶುದ್ಧ. ಹಳೆಯ ಪಟೇಲ ಪಾಪ, ಚಾವಟಿ ಹಿಡಿಯಬೇಕಿತ್ತು, ಊರಿನ ಬಾಯಿಗೆ ಬೀಳಬೇಕಿತ್ತು. ಮೊಮ್ಮಗ ಒಂದು ಹೆಸರು ಅಳಿಸಿದರೆ ಮುಗಿಯಿತು. ಇದನ್ನು ನಾವು ಆಧುನಿಕತೆ ಎನ್ನುತ್ತೇವೆ, ಪಠ್ಯಪುಸ್ತಕದಲ್ಲಿ ಅದಕ್ಕೊಂದು ಅಧ್ಯಾಯವೂ ಇದೆ.

"ಕಾರ್ಮಿಕ ಇಲಾಖೆಗೆ ಅರ್ಜಿ ಬರೀತೀನಿ," ಎಂದೆ.

"ಬರಿ. ನಾಳೆ ಬೆಳಿಗ್ಗೆ ಆ ಅರ್ಜಿ ಬಂದು ನನ್ನ ಹತ್ತಿಸ್ಕೊಂಡ್ ಹೋಗ್ತದಾ?"

ಸಂಜೆ ಅವಳೊಬ್ಬಳೇ ಆ ಮನೆಗೆ ಹೋಗಿ ಬಂದಳು. ನನ್ನ ಮುಖ ನೋಡದೆ ಹೇಳಿದಳು, "ನಾಳೆ ಇಬ್ರೂ ಬರ್ಬೇಕಂತೆ. ನೀನೂ."

ಹೋದೆ. ಉಳಿದವರೆಲ್ಲ ಪಾಳಿಗೆ ಹೋಗಿದ್ದರು, ಅಂಗಳದಲ್ಲಿ ನಾವಿಬ್ಬರೇ. ಅವನು ಬಂದು ನಾನು ಬಿಡಿಸಿದ ಹಣ್ಣನ್ನು ಬೆರಳಲ್ಲಿ ಕೆದಕಿ ನೋಡಿದ. "ಬೀಜ ಉಳೀಬಾರ್ದಮ್ಮಾ. ಮಂಡೀಲಿ ರೇಟ್ ಬೀಳ್ತದೆ."

ಮದುವೆಯ ನೆಪವೂ ಈಗ ಅವನಿಗೆ ಬೇಕಿರಲಿಲ್ಲ. ಉಳಿದಿದ್ದ ಬೀಜ ತೆಗೆದೆ.

ಬುಧವಾರ ಅಕ್ಕ ಬಸ್ಸು ಹತ್ತಿದಳು. ಹೊರಡುವಾಗ "ಬರ್ತೀನಿ" ಎಂದು ಅಜ್ಜಿಗೆ ಮಾತ್ರ ಹೇಳಿದಳು.