ಮೇಜು ಸುತ್ತುತ್ತಿದ್ದ ಮೇಷ್ಟ್ರು

ಮಧುಗಿರಿಯ ನಮ್ಮ ಡ್ರಿಲ್ ಮೇಷ್ಟ್ರು ರಾಜ್ಯಮಟ್ಟದ ಚೆಸ್ ಪಂದ್ಯಗಳಲ್ಲಿ ಗೆದ್ದವರು. ಆದರೂ ಅವರು ಕೂತು ಆಡಿದ್ದನ್ನು ನಾನು ಕಂಡಿಲ್ಲ. ಕಾಯಿ ನಡೆಸಿದವರೇ ಮೇಜು ಸುತ್ತುತ್ತ, ಎದುರಾಳಿಯ ಮುಖವನ್ನೇ ನೋಡುತ್ತ, "ಹೂಂ, ನಡೀಲಿ, ನಡೀಲಿ" ಎನ್ನುತ್ತಿದ್ದರು. ಪಾಪ, ಆತ ಬೆವರುತ್ತಿದ್ದ.

ಎಂಬತ್ತರ ದಶಕದಲ್ಲಿ ಊರಿನ ಡಾಕ್ಟರಿಗೆ ಅವರ ತಮ್ಮ ದುಬೈಯಿಂದ ಚೆಸ್ ಆಡುವ ಕಂಪ್ಯೂಟರ್ ತಂದುಕೊಟ್ಟ. ಮೇಷ್ಟ್ರು ಅದನ್ನೂ ಸುತ್ತಿದರು. "ನಡೀಲಿ, ನಡೀಲಿ" ಎಂದರು. ಅದರ ಕೆಂಪು ದೀಪ ತನ್ನ ಪಾಡಿಗೆ ತಾನು ಮಿನುಗುತ್ತಿತ್ತು. ಮೇಷ್ಟ್ರು ಬೇಕೆಂದೇ ಬಿಟ್ಟ ಕಾಯಿಗಳನ್ನೆಲ್ಲ ಕಂಪ್ಯೂಟರ್ ಆಸೆಬುರುಕನಂತೆ ತಿಂದು, ಆಡಿದ ಆಟವನ್ನೆಲ್ಲ ಸೋತಿತು. ನಾವು ಚಪ್ಪಾಳೆ ಹೊಡೆದೆವು.

ಮೇಷ್ಟ್ರ ಸುತ್ತಾಟ ಮಾತ್ರ ನಿಲ್ಲಲಿಲ್ಲ. ಕೊನೆಗೆ ಡಾಕ್ಟರ ಎದುರು ನಿಂತು, "ಸೋತ್ರೂ ಇಂಗೇ ಕುಂತೈತಲ್ಲ ಡಾಕ್ಟ್ರೇ! ನೀವಾದ್ರೂ ಒಸಿ ಮಕ ಸಪ್ಪಗೆ ಮಾಡ್ಕಳಿ" ಎಂದರು.